ಸೋತ ಆಟದ ಹಾಳೆ

ಗೆದ್ದ ಚೆಸ್ ಆಟದ, ನಡೆ ಬರೆದ ಹಾಳೆಯನ್ನು ಮಡಚಿ ಕಡತಕ್ಕೆ ಸೇರಿಸಿಬಿಡುತ್ತೇನೆ. ಸೋತ ಆಟದ ಹಾಳೆ ಮಾತ್ರ ವಾರಗಟ್ಟಲೆ ಮೇಜಿನ ಮೇಲೇ ಇರುತ್ತದೆ. ನಡೆಗಳನ್ನು ಓದುವ ಮೊದಲು ನಾನು ಅಕ್ಷರ ನೋಡುತ್ತೇನೆ. ಆರಂಭದ ನಡೆಗಳೆಲ್ಲ ದುಂಡಗೆ, ಗೆರೆ ತಪ್ಪದೆ ಇರುತ್ತವೆ. ಎಲ್ಲಿ ಅಕ್ಷರ ವಾಲಿತೋ, ಎಲ್ಲಿ ಪೆನ್ನು ಕಾಗದವನ್ನು ಒತ್ತಿ ಕೊರೆದಿದೆಯೋ, ಅಲ್ಲಿ ಗಡಿಯಾರ ಬೆದರಿಸಿದೆ ಎಂದರ್ಥ. ತಪ್ಪು ಹುಡುಕುವವರು ಅಲ್ಲಿಂದಲೂ ತುಸು ಹಿಂದಕ್ಕೆ ಹೋಗಬೇಕು.

ಸೋತ ಸಂಜೆ ಕಂಪ್ಯೂಟರ್ ಮುಟ್ಟುವುದಿಲ್ಲ. ಸ್ಟಾಕ್‌ಫಿಶ್ ಎಂಬ ಚೆಸ್ ತಂತ್ರಾಂಶ ಸರಿಯಾದ ನಡೆಯನ್ನು ಕಣ್ಣುಮುಚ್ಚಿ ತೆಗೆಯುವಷ್ಟರಲ್ಲಿ ಹೇಳಿಬಿಡುತ್ತದೆ. ಆದರೆ ತಪ್ಪು ನಡೆ ಆಡುವಾಗ ನನ್ನ ತಲೆಯಲ್ಲಿ ಏನು ಓಡುತ್ತಿತ್ತು ಎಂಬುದು ಅದಕ್ಕೆ ಗೊತ್ತಿಲ್ಲ. ನನಗೆ ಬೇಕಾದದ್ದು ಅದೇ. ಬೋರ್ಡು ಹಾಸಿ, ಕಾಯಿ ಜೋಡಿಸಿ, ಒಂದೊಂದೇ ನಡೆಯನ್ನು ಮತ್ತೆ ಆಡುವ ಆ ಹೊತ್ತಿನ ಸುಖ ಗೆದ್ದ ದಿನ ಸಿಗುವುದಿಲ್ಲ.

ಈಗ ಮೇಜಿನ ಮೇಲಿರುವ ಹಾಳೆಯ ಕೊನೆಯಲ್ಲಿ ಉಳಿದದ್ದು ಮೂರೇ ಕಾಯಿ. ಬಿಳಿ ರಾಜ ಡಿ5ರಲ್ಲಿ, ಬಿಳಿ ಕಾಲಾಳು ಇ6ರಲ್ಲಿ, ನನ್ನ ಕಪ್ಪು ರಾಜ ಇ7ರಲ್ಲಿ. ನಡೆ ನನ್ನದು. ಹಿಂದೆ ಸರಿಯಲು ಮೂರು ಮನೆ ಇದ್ದವು, ನೋಡಲು ಮೂರೂ ಒಂದೇ ಥರ. ನಾನು ರಾಜನನ್ನು ಡಿ8ರಲ್ಲಿಟ್ಟೆ. ಬಿಳಿ ರಾಜ ಡಿ6ಕ್ಕೆ ಬಂದ. ನಾನು ಇ8, ಕಾಲಾಳು ಇ7. ನನಗೆ ಉಳಿದ ಒಂದೇ ಮನೆ ಎಫ್7. ಬಿಳಿ ರಾಜ ಡಿ7ಕ್ಕೇರಿದ ಮೇಲೆ ಕಾಲಾಳು ರಾಣಿಯಾಗುವುದನ್ನು ತಡೆಯುವವರಿರಲಿಲ್ಲ.

ಹಾಳೆಗೆ ಸಹಿ ಹಾಕಿದ ಮೇಲೆ ಎದುರಾಳಿ ಹುಡುಗ, ಹೈಸ್ಕೂಲಿನವನು, ಕಾಯಿಗಳನ್ನು ಹಿಂದಿನ ಜಾಗಕ್ಕೆ ಇಟ್ಟ. "ಅಂಕಲ್, ನೇರ ಹಿಂದಕ್ಕೆ ಬಂದಿದ್ರೆ ಡ್ರಾ ಇತ್ತು" ಎಂದು ಆಡಿ ತೋರಿಸಿದ. ರಾಜ ಇ8ಕ್ಕೆ. ಬಿಳಿ ರಾಜ ಡಿ6ಕ್ಕೆ ಬಂದರೆ ಆಗ ಡಿ8ಕ್ಕೆ ಸರಿದು ಎದುರು ನಿಲ್ಲುವುದು. ಕಾಲಾಳು ಇ7ರಿಂದ ಚೆಕ್ ಕೊಟ್ಟರೆ ಮತ್ತೆ ಇ8. ಕಾಲಾಳನ್ನು ಕಾಯಲು ಬಿಳಿ ರಾಜ ಇ6ಕ್ಕೆ ಬಂದನೋ, ನನಗೆ ನಡೆಯೇ ಇರುವುದಿಲ್ಲ, ಸ್ಟೇಲ್‌ಮೇಟ್.

ಇದನ್ನು ನಾನು ಪುಸ್ತಕದಲ್ಲಿ ಓದಿದ್ದೆ. ಓದಿಯೂ ಡಿ8 ಯಾಕೆ? ಮನೆಯಲ್ಲಿ ಕೂತು ಕೇಳಿಕೊಂಡಾಗ ಹೊಳೆಯಿತು: ಬಿಳಿ ರಾಜ ಡಿ ಸಾಲಿನಲ್ಲಿದ್ದಾನೆ, ಅವನನ್ನು ತಡೆಯಬೇಕು ಎಂದು ನಾನೂ ಅದೇ ಸಾಲಿಗೆ ಮೊದಲೇ ಹೋಗಿ ನಿಂತುಬಿಟ್ಟಿದ್ದೆ. ಅವನು ಡಿ6ಕ್ಕೆ ಬಂದಾಗ ಎದುರೆದುರು ನಿಂತೆವು ನಿಜ, ಆದರೆ ಸರಿಯಬೇಕಾದ ಸರದಿ ನನ್ನದಾಗಿತ್ತು. ಅವನು ಎಡಕ್ಕೆ ಬಂದರೂ ಬಲಕ್ಕೆ ಬಂದರೂ ಆಮೇಲೆ ಎದುರಾಗುವಂತೆ ನಡುವೆ ಕಾಯಬೇಕಿತ್ತು. ಪುಸ್ತಕ ಹೇಳಿದ್ದು ನನಗೆ ನಿಜವಾಗಿ ಅರ್ಥವಾದದ್ದು ಆ ಸಂಜೆ.

ಮಿಖಾಯಿಲ್ ಬೊಟ್ವಿನ್ನಿಕ್ ನನಗೆ ಪ್ರಿಯನಾಗಿರುವುದು ಸೋಲಿನಿಂದ ಕಲಿಯುವ ಈ ಗುಣಕ್ಕೇ. 1957ರಲ್ಲಿ ಸ್ಮಿಸ್ಲೋವ್‌ಗೆ ವಿಶ್ವಪಟ್ಟ ಕಳೆದುಕೊಂಡು 1958ರಲ್ಲಿ ಮರಳಿ ಪಡೆದ; 1960ರಲ್ಲಿ ತಾಲ್‌ಗೆ ಸೋತು 1961ರಲ್ಲಿ ಮತ್ತೆ ಗೆದ್ದ. ನಿಮ್ಮ ಆಟಗಳನ್ನು ನೀವೇ ವಿಶ್ಲೇಷಿಸಿ ಪ್ರಕಟಿಸಿ, ಬೇರೆಯವರು ಅದರಲ್ಲಿ ತಪ್ಪು ಹಿಡಿಯಲಿ ಎನ್ನುವುದು ಅವನ ಪಾಠವಾಗಿತ್ತು.

ಹಾಳೆಯಲ್ಲಿ ಇನ್ನೂ ಮೇಲಕ್ಕೆ ಹೋದರೆ ಆನೆಗಳ ವಿನಿಮಯ ಸಿಗುತ್ತದೆ. ಯಾರೂ ಒತ್ತಾಯಿಸಿರಲಿಲ್ಲ, ನಾನೇ ಮುಂದಾಗಿ ಕೊಟ್ಟದ್ದು. ಕಾಯಿ ಕಡಿಮೆಯಾದರೆ ಆಟ ಸಲೀಸು ಎಂದು ದಣಿದ ತಲೆ ನಂಬುತ್ತದೆ. 2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ, ವಿಶ್ವಪಟ್ಟದ ಕೊನೆಯ ಆಟದ 55ನೇ ನಡೆಯಲ್ಲಿ, ಡಿಂಗ್ ಲಿರೆನ್ ಆನೆಯನ್ನು ಎಫ್2ಕ್ಕೆ ತಂದು ವಿನಿಮಯಕ್ಕೆ ಒಡ್ಡಿದ. ಡ್ರಾ ಆಗಬಹುದಾಗಿದ್ದ ಆಟ. ಆನೆಗಳು ಹೋದವು, ಮೂಲೆಯಲ್ಲಿದ್ದ ಬಿಷಪ್ಪೂ ಉಳಿಯಲಿಲ್ಲ. ಹದಿನೆಂಟರ ಗುಕೇಶ್ ಚಾಂಪಿಯನ್ ಆದ. ಆ ನಡೆಯನ್ನು ಹಗುರವಾಗಿ ಆಡಿಕೊಂಡವರು ಬಹಳ ಮಂದಿ. ಗಂಟೆಗಟ್ಟಲೆ ಬೋರ್ಡಿನ ಮುಂದೆ ಕೂತವರಿಗೆ ಅದರ ಹಿಂದಿನ ದಣಿವು ಗೊತ್ತು.

ನಾನು ಆನೆ ಉಳಿಸಿಕೊಂಡಿದ್ದರೆ? ಆಗ ಬಿಳಿ ಕಾಲಾಳು ಇನ್ನೂ ಇ5ರಲ್ಲಿತ್ತು, ನನ್ನ ರಾಜ ಅದಕ್ಕೆ ಅಡ್ಡವಿದ್ದ. ಹದಿನೆಂಟನೇ ಶತಮಾನದ ಫಿಲಿಡೋರ್ ಇಂಥದ್ದಕ್ಕೆ ದಾರಿ ತೋರಿಸಿದ್ದಾನೆ: ಆನೆಯನ್ನು ಆರನೇ ಸಾಲಿನಲ್ಲಿ ನಿಲ್ಲಿಸಿ ಬಿಳಿ ರಾಜನಿಗೆ ಅಲ್ಲಿ ಕಾಲಿಡಗೊಡದಿರುವುದು, ಕಾಲಾಳು ಆರಕ್ಕೆ ಬಂದ ಕೂಡಲೇ ಆನೆಯನ್ನು ಒಂದನೇ ಸಾಲಿಗೆ ಇಳಿಸಿ ಹಿಂದಿನಿಂದ ಚೆಕ್ ಕೊಡುತ್ತಾ ಹೋಗುವುದು. ಕಾಲಾಳು ಮುಂದೆ ಹೋದ ಮೇಲೆ ಬಿಳಿ ರಾಜನಿಗೆ ಮರೆಯಿರುವುದಿಲ್ಲ. ಭಾನುವಾರ ಆ ಹುಡುಗ ಸಿಕ್ಕರೆ ಇದೇ ಸ್ಥಿತಿಯನ್ನು ಜೋಡಿಸಿ ಆಡೋಣ ಎಂದಿದ್ದೇನೆ. ಬಿಳಿ ಅವನದೇ.