ಅರಫಾದಿಂದ ಮಿನಾದವರೆಗೆ ಕಾಲ್ನಡಿಗೆ

ಜನರಿಗೆ ಹಜ್ಜ್‌ನ ಕರೆ ನೀಡುವಂತೆ ಪ್ರವಾದಿ ಇಬ್ರಾಹೀಮ್(ಅ)ರಿಗೆ ಅಲ್ಲಾಹನು ಆಜ್ಞಾಪಿಸಿದ ವಿಷಯವು ಪವಿತ್ರ ಕುರ್‌ಆನಿನ ‘ಅಲ್‌ಹಜ್ಜ್’ ಅಧ್ಯಾಯದ 27ನೇ ಸೂಕ್ತದಲ್ಲಿದೆ. ಆ ಕರೆಗೆ ಓಗೊಟ್ಟು ಬರುವವರ ಪೈಕಿ ಕಾಲ್ನಡಿಗೆಯವರ ಪ್ರಸ್ತಾಪ ಮೊದಲು. ದೂರದ ಹಾದಿ ಸವೆಸಿ ಬಡಕಲಾದ ಒಂಟೆಗಳ ಮೇಲೆ ಬರುವವರ ಪ್ರಸ್ತಾಪ ಆನಂತರ. ದರ್ಸ್‌ನಲ್ಲಿ ತಫ್ಸೀರ್ ಓದುತ್ತಿದ್ದ ದಿನಗಳಲ್ಲಿ ಈ ಅನುಕ್ರಮದ ಕುರಿತು ನಾವು ಗಂಟೆಗಟ್ಟಲೆ ಚರ್ಚಿಸುತ್ತಿದ್ದೆವು. ನಡೆದು ಹೋಗುವುದೇ ಶ್ರೇಷ್ಠವೆಂಬುದು ಒಂದು ಪಕ್ಷ. ತಾವು ಕಾಲ್ನಡಿಗೆಯಲ್ಲಿ ಹಜ್ಜ್ ಮಾಡಲಿಲ್ಲವಲ್ಲ ಎಂದು ಇಬ್ನು ಅಬ್ಬಾಸ್(ರ) ಪರಿತಪಿಸಿದರೆಂಬ ವರದಿ ಆ ಪಕ್ಷದವರಿಗೆ ಆಧಾರ. ಆದರೆ ಇಮಾಮ್ ನವವಿ(ರ)ಯವರು ವಾಹನವನ್ನೇರಿ ಹೋಗುವುದೇ ಶ್ರೇಷ್ಠವೆಂದರು. ಹಿಜ್ರಾ 10ರಲ್ಲಿ ಪ್ರವಾದಿ(ಸ)ರವರು ತಮ್ಮ ವಿದಾಯ ಹಜ್ಜನ್ನು ‘ಕಸ್ವಾ’ ಎಂಬ ಒಂಟೆಯ ಮೇಲೆ ಕುಳಿತೇ ನಿರ್ವಹಿಸಿದ್ದರಲ್ಲವೇ?

ಕಿತಾಬಿನ ಮುಂದೆ ಕುಳಿತಿರುವಾಗ ಎರಡೂ ಪಕ್ಷಗಳನ್ನು ಸಮರ್ಥಿಸುವುದು ಸುಲಭ. ನಾವು ಹಜ್ಜ್‌ಗೆ ಹೋದ ವರ್ಷ ಅದೇ ಪ್ರಶ್ನೆ ಒಬ್ಬ ವೃದ್ಧರ ಮೊಣಕಾಲಿನ ರೂಪದಲ್ಲಿ ನಮ್ಮ ಮುಂದೆ ಬಂದು ನಿಂತಿತು.

ಅವರು ನಮ್ಮ ಜಮಾಅತಿನವರು. ನಾವೆಲ್ಲ ‘ಕಾಕ’ ಎಂದು ಕರೆಯುವ ಅವರಿಗೆ ಆಗ ಎಪ್ಪತ್ತರ ಆಸುಪಾಸು. ಅವರ ಹಜ್ಜ್‌ನ ಹಣ ಮಗನ ದುಡಿಮೆಯದು. ದಮ್ಮಾಮಿನ ಅಂಗಡಿಯೊಂದರಲ್ಲಿ ಹನ್ನೊಂದು ವರ್ಷ ದುಡಿದ ಆ ಮಗ, ಉಪ್ಪನ ಹಜ್ಜ್‌ಗೆಂದು ಪ್ರತ್ಯೇಕವಾಗಿ ಕೂಡಿಡುತ್ತಿದ್ದನು. ಒಂದು ರಾತ್ರಿ ಅಲ್ಲಿಯೇ ಹೃದಯಾಘಾತದಿಂದ ತೀರಿಹೋದನು. ದಫನವೂ ಅಲ್ಲಿಯೇ ಆಯಿತು. ಹಜ್ಜ್ ವೀಸಾ ಪಡೆದವರು ಮಕ್ಕಾ, ಮದೀನಾ, ಜಿದ್ದಾಗಳನ್ನು ಬಿಟ್ಟು ಬೇರೆಡೆಗೆ ಹೋಗುವಂತಿಲ್ಲ. ದಮ್ಮಾಮ್ ಇರುವುದು ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಆಚೆಗೆ, ಅರೇಬಿಯಾದ ಇನ್ನೊಂದು ಅಂಚಿನಲ್ಲಿ. ಊರಿನ ಹಜ್ಜ್ ತರಗತಿಯಲ್ಲಿ ನಾವು ಇದನ್ನು ವಿವರಿಸಿದ ದಿನ ಕಾಕ ಏನೂ ಹೇಳಲಿಲ್ಲ. ತರಗತಿ ಮುಗಿದ ಮೇಲೆ ಹತ್ತಿರ ಬಂದು, “ಉಸ್ತಾದ್, ಅವನ ಕಬರಿನ ತನಕ ಹೋಗಲು ಆಗುವುದಿಲ್ಲ ಅಲ್ಲವೇ? ಹಾಗಾದರೆ ಅರಫಾದಿಂದ ಮಿನಾದ ತನಕವಾದರೂ ನಾನು ನಡೆಯುತ್ತೇನೆ” ಎಂದರು. ಒಂದಕ್ಕೊಂದು ಏನು ಸಂಬಂಧವೆಂದು ನಾವು ಕೇಳಲಿಲ್ಲ. ಅದು ಹರಕೆಯೂ ಆಗಿರಲಿಲ್ಲ, ಆಸೆ ಮಾತ್ರ. ಹರಕೆಯಾಗಿದ್ದರೆ ಅದರ ವಿಧಿಯೇ ಬೇರೆ.

ಮಿನಾದಿಂದ ಅರಫಾಕ್ಕೆ ಸುಮಾರು 14 ಕಿಲೋಮೀಟರ್. ಅರಫಾದಿಂದ ಮುಝ್ದಲಿಫಾಕ್ಕೆ ಎಂಟೊಂಬತ್ತು. 2010ರಿಂದ ಈ ಪುಣ್ಯಸ್ಥಳಗಳ ನಡುವೆ ರೈಲು ಓಡುತ್ತಿದೆ, ಬಸ್ಸುಗಳೂ ಇವೆ. ಇವೆಲ್ಲವುಗಳ ಜೊತೆಗೆ ಪಾದಚಾರಿಗಳಿಗೆಂದೇ ಮೀಸಲಾದ ವಿಶಾಲ ರಸ್ತೆಯೊಂದಿದೆ. ದುಲ್‌ಹಜ್ಜ್ 9ರ ಸಂಜೆ, ಸೂರ್ಯನು ಮುಳುಗಿದ್ದನ್ನು ಖಚಿತಪಡಿಸಿಕೊಂಡು, ನಮ್ಮ ತಂಡದ ಹನ್ನೆರಡು ಮಂದಿ ಆ ರಸ್ತೆಗಿಳಿದೆವು. ಉಳಿದವರು ಬಸ್ಸಿನಲ್ಲಿ ಹೊರಟರು. ತಂಡದ ಮಡಚುವ ಗಾಲಿಕುರ್ಚಿ ನಮ್ಮ ಜೊತೆಗಿತ್ತು. ಚಾಪೆ, ನೀರಿನ ಬಾಟಲಿ, ಚೀಲಗಳೆಲ್ಲ ಅದರ ಮೇಲೆ ಸವಾರಿ ಮಾಡುತ್ತಿದ್ದವು.

ಆ ನಡಿಗೆಯನ್ನು ವರ್ಣಿಸುವುದು ಕಷ್ಟ. ಎತ್ತ ನೋಡಿದರೂ ಬಿಳಿ ಬಟ್ಟೆ. ಚಪ್ಪಲಿಗಳ ಸದ್ದೇ ಒಂದು ಹೊಳೆಯ ಸದ್ದಿನಂತೆ ಕೇಳುತ್ತದೆ. ತಲ್ಬಿಯತ್ ಒಂದು ಗುಂಪಿನಲ್ಲಿ ತಗ್ಗಿದರೆ ಹಿಂದಿನ ಗುಂಪು ಎತ್ತಿಕೊಳ್ಳುತ್ತದೆ. ಉದ್ದಕ್ಕೂ ದೀಪಗಳು, ಅಲ್ಲಲ್ಲಿ ತುಂತುರು ನೀರು ಚಿಮ್ಮುವ ಕಂಬಗಳು. ಅರಫಾದಿಂದ ಹೊರಡುವಾಗ ಪ್ರವಾದಿ(ಸ)ರವರು ಕಸ್ವಾದ ಮೂಗುದಾರವನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದರೆಂದರೆ, ಅದರ ತಲೆ ಜೀನಿಗೆ ತಾಗುತ್ತಿತ್ತಂತೆ. ಬಲಗೈಯಿಂದ ಸನ್ನೆ ಮಾಡುತ್ತ, ಶಾಂತವಾಗಿ ಸಾಗಿರೆಂದು ಜನರಿಗೆ ಹೇಳುತ್ತಿದ್ದರು. ಈ ಹದೀಸನ್ನು ನಾವು ಎಷ್ಟೋ ಬಾರಿ ಪಾಠ ಮಾಡಿದ್ದೆವು. ಲಕ್ಷಾಂತರ ಜನರ ನಡುವೆ ನಿಂತಾಗಲೇ ಆ ಸನ್ನೆಯ ಅಗತ್ಯವೇನೆಂದು ಕಣ್ಣಿಗೆ ಕಂಡದ್ದು. ನಮ್ಮ ವೇಗವನ್ನು ಅಲ್ಲಿ ನಿರ್ಧರಿಸುವುದು ನಮ್ಮ ಕಾಲುಗಳಲ್ಲ, ಮುಂದಿರುವವರ ಪೈಕಿ ಅತ್ಯಂತ ನಿಧಾನವಾಗಿ ನಡೆಯುವವರ ಕಾಲುಗಳು.

ಅರ್ಧ ದಾರಿಯ ಹೊತ್ತಿಗೆ ಕಾಕ ಕುಂಟತೊಡಗಿದರು. ಇನ್ನಷ್ಟು ದೂರ ಸಾಗಿದ ಮೇಲೆ ಕಂಬವೊಂದನ್ನು ಹಿಡಿದು ನಿಂತರು. ತಂಡದ ಆಟೋಚಾಲಕರೊಬ್ಬರು ಗಾಲಿಕುರ್ಚಿಯ ಚೀಲಗಳನ್ನು ಇಳಿಸತೊಡಗಿದಾಗ, “ಬೇಡ, ಬೇಡ” ಎಂದು ತಡೆದರು. ಅನಸ್(ರ) ವರದಿ ಮಾಡಿದ, ಬುಖಾರಿ ಮತ್ತು ಮುಸ್ಲಿಮ್‌ನಲ್ಲಿರುವ ಹದೀಸನ್ನು ನಾವು ಆಗ ಅವರಿಗೆ ನೆನಪಿಸಿದೆವು. ವೃದ್ಧರೊಬ್ಬರು ತಮ್ಮ ಇಬ್ಬರು ಮಕ್ಕಳ ಹೆಗಲಿನ ಆಸರೆಯಲ್ಲಿ ಕಾಲೆಳೆಯುತ್ತ ಸಾಗುವುದನ್ನು ಪ್ರವಾದಿ(ಸ)ರವರು ಕಂಡರು. ನಡೆದೇ ಹೋಗುವ ಹರಕೆ ಹೊತ್ತಿದ್ದಾರೆಂದು ತಿಳಿದಾಗ, ಆ ಮನುಷ್ಯ ತನ್ನನ್ನು ಹೀಗೆ ದಂಡಿಸಿಕೊಳ್ಳುವುದು ಅಲ್ಲಾಹನಿಗೆ ಬೇಕಾಗಿಲ್ಲವೆಂದು ಹೇಳಿ, ವಾಹನವನ್ನೇರಲು ಆಜ್ಞಾಪಿಸಿದರು.

ಕಾಕ ಪೂರ್ತಿಯಾಗಿ ಕೇಳಿದರು. “ಆ ಮುದುಕನಿಗೆ ಹಿಡಿದುಕೊಳ್ಳಲು ಇಬ್ಬರು ಮಕ್ಕಳಿದ್ದರಲ್ಲ ಉಸ್ತಾದ್” ಎಂದರು.

ಇಪ್ಪತ್ತು ವರ್ಷ ಪಾಠ ಹೇಳಿದ ನಮ್ಮ ಬಳಿ ಅದಕ್ಕೆ ಉತ್ತರವಿರಲಿಲ್ಲ. ಆಟೋಚಾಲಕರು ಮಾತಿಲ್ಲದೆ ಅವರ ಎಡತೋಳಿನ ಕೆಳಗೆ ಹೆಗಲು ಕೊಟ್ಟರು. ಬಲಕ್ಕೆ ನಾವು ನಿಂತೆವು. ಹಾಗೆ ಒಂದಿನ್ನೂರು ಹೆಜ್ಜೆ ನಡೆದಿರಬಹುದು. ಬಳಿಕ ಅವರೇ, “ಇನ್ನು ಸಾಕು, ಕೂರುತ್ತೇನೆ” ಎಂದು ಕುಳಿತರು. ನಮ್ಮ ಚೀಲಗಳನ್ನೆಲ್ಲ ತೊಡೆಯ ಮೇಲೆ ಇರಿಸಿಕೊಂಡರು.

ಈ ಘಟನೆಯನ್ನು ಬರೆಯಲು ಕಾರಣವಿದೆ. ಕಾಲ್ನಡಿಗೆಯ ಹಜ್ಜ್‌ನ ಮೋಹ ನಮ್ಮ ಯುವಕರಲ್ಲಿ ಹೆಚ್ಚುತ್ತಿದೆ. ಸಂಕಲ್ಪ ಶುದ್ಧವಾಗಿದ್ದರೆ ಆಕ್ಷೇಪಿಸಲು ನಾವು ಯಾರು? ಆದರೆ ಪ್ರತಿ ಹೆಜ್ಜೆಗೂ ಮೊಬೈಲ್ ಕ್ಯಾಮೆರಾ ಸಾಕ್ಷಿಯಾಗಬೇಕೆಂಬ ನಡಿಗೆಯ ಬಗ್ಗೆ ನಮಗೆ ಅಳುಕಿದೆ. 2024ರ ಹಜ್ಜ್‌ನಲ್ಲಿ ಉಷ್ಣಾಂಶವು ಮಕ್ಕಾದಲ್ಲಿ 51.8 ಡಿಗ್ರಿ ಸೆಲ್ಸಿಯಸ್ ತಲುಪಿತ್ತು. ಆ ವರ್ಷ 1,301 ಮಂದಿ ಮೃತಪಟ್ಟರೆಂದು ಸೌದಿ ಸರಕಾರ ತಿಳಿಸಿತು. ಅವರಲ್ಲಿ ಹೆಚ್ಚಿನವರು ಪರವಾನಗಿ ಇಲ್ಲದೆ ಬಂದು, ನೆರಳೂ ತಂಗುದಾಣವೂ ಸಿಗದೆ ಬಿಸಿಲಿನಲ್ಲಿ ಬಹುದೂರ ನಡೆದವರು. ಅಲ್ಲಾಹನು ಅವರೆಲ್ಲರಿಗೂ ಮಗ್ಫಿರತ್ ನೀಡಲಿ. ಅವರ ಪೈಕಿ ಅನೇಕರು ಬಡವರು, ನಡಿಗೆಯನ್ನು ಆರಿಸಿಕೊಂಡವರಲ್ಲ. ದಣಿವನ್ನೇ ಪುಣ್ಯದ ಅಳತೆಗೋಲೆಂದು ಭಾವಿಸುವವರು ಅವರನ್ನೊಮ್ಮೆ ನೆನೆಯಬೇಕು.

ಮುಝ್ದಲಿಫಾ ತಲುಪಿ, ಮಗ್ರಿಬ್ ಮತ್ತು ಇಶಾವನ್ನು ಜಂಅ್ ಆಗಿ ನಿರ್ವಹಿಸಿ, ಬಯಲಿನಲ್ಲಿ ಚಾಪೆ ಹಾಸಿದೆವು. ಕಾಕ ತಮ್ಮ ಕಲ್ಲುಗಳನ್ನು ತಾವೇ ಆರಿಸಿದರು. ಕಡಲೆಕಾಳಿಗಿಂತ ದೊಡ್ಡದು ಬೇಡವೆಂದು ಪಕ್ಕದವರಿಗೂ ತಿಳಿಹೇಳಿದರು. ತರಗತಿಯ ಪಾಠ ಅವರಿಗೆ ನಮಗಿಂತ ಚೆನ್ನಾಗಿ ನೆನಪಿತ್ತು.

ಸುಬ್‌ಹಿ ಮುಗಿದು, ಬೆಳಕು ಹರಡಿ, ಸೂರ್ಯ ಹುಟ್ಟುವ ಮುನ್ನ ಮತ್ತೆ ಹೊರಟೆವು. ಈ ಬಾರಿ ಕಾಕ ತಕರಾರಿಲ್ಲದೆ ಕುರ್ಚಿಯಲ್ಲಿ ಕುಳಿತಿದ್ದರು, ತಳ್ಳುವ ಸರದಿ ನಮ್ಮದಾಗಿತ್ತು. ಮುಝ್ದಲಿಫಾ ಮತ್ತು ಮಿನಾದ ನಡುವೆ ವಾದೀ ಮುಹಸ್ಸಿರ್ ಎಂಬ ಕಣಿವೆಯಿದೆ. ಅಬ್ರಹನ ಆನೆಗಳು ಮುಂದೆ ಸಾಗದೆ ನಿಂತದ್ದು ಅಲ್ಲಿಯೇ ಎಂದು ಹಲವು ವಿದ್ವಾಂಸರು ಹೇಳಿದ್ದಾರೆ. ಪ್ರವಾದಿ(ಸ)ರವರು ಆ ಕಣಿವೆಯಲ್ಲಿ ಒಂಟೆಯ ವೇಗವನ್ನು ತುಸು ಹೆಚ್ಚಿಸಿದ್ದರು. ಫಲಕ ಕಂಡ ಕೂಡಲೇ ಕಾಕ ಕತ್ತು ಹೊರಳಿಸಿ ನಮ್ಮನ್ನು ನೋಡಿದರು.

“ಉಸ್ತಾದ್, ಇಲ್ಲಿ ಸ್ವಲ್ಪ ಬೇಗ ಹೋಗುವುದು ಸುನ್ನತ್ ಅಲ್ಲವೇ?”

ನಾವು ಇಹ್ರಾಮಿನ ಬಟ್ಟೆಯನ್ನು ಬಿಗಿಗೊಳಿಸಿಕೊಂಡು ಕುರ್ಚಿಯನ್ನು ತಳ್ಳುತ್ತ ಓಡಿದೆವು.