ಶೈವಲಚ್ಛೇದನ

ಕೃಷ್ಣಾ ತುಂಗಭದ್ರೆಗಳ ನಡುವಣ ಈ ನಾಡಿನಲ್ಲಿ, ಗಿಲ್ಲೆಸುಗೂರಿನಂತಹ ಊರಿನವರಿಗೆ, ಸಮುದ್ರವೆಂಬುದು ಕಾವ್ಯಗಳಲ್ಲಿ ಮಾತ್ರ ಪರಿಚಿತವಾದ ವಸ್ತು. ಅಂತಹ ಸಮುದ್ರದ ಒಂದಂಶವು ಎರಡು ವರ್ಷಗಳಿಂದ ನಮ್ಮ ಪಡಸಾಲೆಯಲ್ಲಿ ನಾಲ್ಕು ಗಾಜಿನ ಗೋಡೆಗಳೊಳಗೆ ವಾಸಮಾಡುತ್ತಿದೆ. ಮೊಮ್ಮಗನು ವ್ಯಾಸಂಗಕ್ಕಾಗಿ ಧಾರವಾಡಕ್ಕೆ ತೆರಳುವಾಗ ಅದನ್ನು ನನ್ನ ವಶಕ್ಕೆ ಒಪ್ಪಿಸಿದನು. ಲೀಟರು ನೀರಿಗೆ ಸುಮಾರು 35 ಗ್ರಾಂ ಲವಣ. ಅದರಲ್ಲಿ ಎರಡು ಮೀನು, ಒಂದಿಷ್ಟು ಹವಳ, ಮತ್ತು ಕಾಲರ್ಪ ಎಂಬ ಸಮುದ್ರಶೈವಲ.

ಅಮರಕೋಶವು ಶೈವಲಕ್ಕೆ ಜಲನೀಲೀ ಎಂಬ ಪರ್ಯಾಯನಾಮವನ್ನು ಕೊಡುತ್ತದೆ. ಹೆಸರು ರಮಣೀಯವಾದುದೇ ಸರಿ. ಆದರೆ ನೀರನ್ನು ಕಾಯುವವನಿಗೆ ಈ ಜಲನೀಲಿಯು ಮೊದಲು ಸೇವಕ, ಉಪೇಕ್ಷಿಸಿದರೆ ಯಜಮಾನ. ಮೀನಿನ ಮಲದಿಂದ ಅಮೋನಿಯಾ ಉಂಟಾಗುತ್ತದೆ. ಸೂಕ್ಷ್ಮಜೀವಿಗಳು ಅದನ್ನು ನೈಟ್ರೇಟನ್ನಾಗಿ ಮಾರ್ಪಡಿಸುತ್ತವೆ. ಶೈವಲವು ಅದನ್ನೂ ಫಾಸ್ಫೇಟನ್ನೂ ಉಂಡು ಬೆಳೆಯುತ್ತದೆ. ಹೀಗೆ ನೀರಿನ ಕಶ್ಮಲವೇ ಹಸುರಾಗುತ್ತದೆ. ಆ ಹಸುರನ್ನು ಹೊರಗೆ ತೆಗೆದಾಗ ಮಾತ್ರ ಕಶ್ಮಲವು ಹೊರಗೆ ಹೋದಂತೆ. ಹಾಗೆಯೇ ಬಿಟ್ಟರೆ ಮೇಲಿನ ಎಲೆಗಳ ನೆರಳಿನಲ್ಲಿ ಕೆಳಗಿನವು ಕೊಳೆತು, ಉಂಡುದನ್ನೆಲ್ಲ ನೀರಿಗೇ ಹಿಂದಿರುಗಿಸುತ್ತವೆ. ಹವಳಕ್ಕೆ ಬೆಳಕು ತಪ್ಪುತ್ತದೆ.

ನೆರೆಮನೆಯ ರೈತರೊಬ್ಬರು ನನ್ನ ಕೆಲಸವನ್ನು ನೋಡಿ, "ಮಾಸ್ತರ್ರೆ, ಇಷ್ಟು ಛಲೋ ಬೆಳದದ, ಯಾಕ ಕೀಳ್ತೀರಿ?" ಎಂದು ಕೇಳಿದರು. "ನೀವು ಹೊಲದಾಗ ಕಳೆ ಯಾಕ ತೆಗೀತೀರಿ?" ಎಂದೆನು. "ಅದು ಬ್ಯಾಡಾದದ್ದು, ಇದು ನೀವೇ ಬೆಳೆಸಿದ್ದಲ್ಲ?" ಎಂದರು. ಪ್ರಶ್ನೆಯು ಯೋಗ್ಯವಾದುದೇ. ಬೇಡವಾದುದನ್ನು ಕೀಳುವುದು ಸುಲಭ. ಬೇಕಾದುದನ್ನು ಮಿತಿಯಲ್ಲಿಡುವುದು ಕಷ್ಟ.

ಇದರ ಸತ್ಯವು ಕಳೆದ ವೈಶಾಖದಲ್ಲಿ ಪ್ರತ್ಯಕ್ಷವಾಯಿತು. ಕಾಲರ್ಪದ ಉದ್ದನೆಯ ಬಳ್ಳಿಯು ಅನೇಕ ಕೋಶಕೇಂದ್ರಗಳುಳ್ಳ ಒಂದೇ ಜೀವಕೋಶ. ಅದು ಸಂತಾನೋತ್ಪತ್ತಿಗೆ ತೊಡಗಿದರೆ, ತನ್ನ ಒಳಗಿನ ಸಾರವನ್ನೆಲ್ಲ ಬೆಳಗಿನ ಜಾವದಲ್ಲಿ ನೀರಿಗೆ ಸುರಿದು ಬಿಳಿಯ ಸಿಪ್ಪೆಯಾಗಿ ಉಳಿಯುತ್ತದೆ. ನೀರು ಹಾಲಿನಂತೆ ಕದಡುತ್ತದೆ. ಸಣ್ಣ ತೊಟ್ಟಿಯಲ್ಲಿ ಆಮ್ಲಜನಕವು ಕುಗ್ಗಿ ಮೀನುಗಳು ಸಾಯುವುದುಂಟು. ಅಂದು ಸಂಜೆ ಕೆಲವು ಬಳ್ಳಿಗಳು ಬಣ್ಣಗೆಟ್ಟುದನ್ನು ಕಂಡು, ರಾತ್ರಿ ಹನ್ನೊಂದರವರೆಗೆ ಕುಳಿತು ಅವನ್ನೆಲ್ಲ ಬಿಡಿಸಿ ತೆಗೆದೆನು. ಸಿದ್ಧಪಡಿಸಿಟ್ಟಿದ್ದ ಉಪ್ಪುನೀರನ್ನು ಬದಲಿಸಿದೆನು. ಬೆಳಗಾದಾಗ ನೀರು ತಿಳಿಯಾಗಿಯೇ ಇತ್ತು. ಎರಡು ಮೀನುಗಳೂ ಆಹಾರಕ್ಕಾಗಿ ಮೇಲೆ ಬಂದವು.

ಕ್ರಮವು ಇಷ್ಟೇ. ಕತ್ತರಿಯಿಂದ ಅಲ್ಲಲ್ಲಿ ತುಂಡರಿಸದೆ, ಬೇರಿನಂತಹ ಹಿಡಿಕೆಗಳನ್ನು ಕೈಯಿಂದ ಮೆಲ್ಲನೆ ಬಿಡಿಸಿ ಇಡೀ ಬಳ್ಳಿಯನ್ನು ಎತ್ತಬೇಕು. ಉದುರಿದ ಚೂರುಗಳನ್ನು ಬಲೆಯಿಂದ ತೆಗೆಯಬೇಕು. ಒಂದೇ ದಿನದಲ್ಲಿ ಎಲ್ಲವನ್ನೂ ತೆಗೆಯಲಾಗದು. ನೀರನ್ನು ಶೋಧಿಸಲು ಕೊಂಚ ಉಳಿಯಬೇಕು.

ಕಿತ್ತುದನ್ನು ಎಲ್ಲಿ ಹಾಕಬೇಕೆಂಬುದೂ ಅಲ್ಪವಿಷಯವಲ್ಲ. 1984ರಲ್ಲಿ ಮೊನಾಕೋದ ಸಾಗರವಸ್ತುಸಂಗ್ರಹಾಲಯದ ಕೆಳಗಣ ಕಡಲಿನಲ್ಲಿ ಮತ್ಸ್ಯಾಗಾರದ ಕಾಲರ್ಪವು ಕಾಣಿಸಿಕೊಂಡಿತು. ಆಗ ಅದರ ವಿಸ್ತಾರ ಸುಮಾರು ಒಂದು ಚದರ ಮೀಟರು. ಮುಂದೆ ಅದು ಮೆಡಿಟರೇನಿಯನ್ ಸಮುದ್ರದ ಸಾವಿರಾರು ಹೆಕ್ಟೇರುಗಳನ್ನು ಆವರಿಸಿತು. ಕ್ಯಾಲಿಫೋರ್ನಿಯಾದಲ್ಲಿ 2000ದಲ್ಲಿ ಕಂಡುಬಂದುದನ್ನು ಹಾಸುಗಳಿಂದ ಮುಚ್ಚಿ, ಕ್ಲೋರಿನ್ ಹಾಯಿಸಿ, 2006ರ ವೇಳೆಗೆ ನಿರ್ಮೂಲಗೊಳಿಸಿದರು. ನಮ್ಮಲ್ಲಿ ಕಡಲಿಲ್ಲ, ನಿಜ. ಆದರೆ ಕಾಲುವೆಯ ಕೆಳಗಿನ ಹೊಲಗಳು ಸವುಳಾಗುವ ಸಂಕಟವನ್ನು ಈ ಸೀಮೆ ಬಲ್ಲದು. ಆದುದರಿಂದ ಉಪ್ಪುನೀರನ್ನು ಗಿಡದ ಬುಡಕ್ಕೆ ಚೆಲ್ಲುವುದಿಲ್ಲ. ಕಿತ್ತ ಶೈವಲವನ್ನು ಸಿಹಿನೀರಿನಲ್ಲಿ ಹಲವು ಬಾರಿ ತೊಳೆದು, ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ, ಬಳಿಕ ತಿಪ್ಪೆಗೆ ಸೇರಿಸುತ್ತೇನೆ.

ಅರವತ್ತು ದಾಟಿದವರ ಮನೆಗಳಲ್ಲಿಯೂ ಪ್ರೀತಿಯಿಂದ ಬೆಳೆಸಿದ, ಈಗ ಬೆಳಕನ್ನು ತಡೆಯುತ್ತಿರುವ ವಸ್ತುಗಳು ಅನೇಕವಿರುತ್ತವೆ. ಅವನ್ನು ಒಂದು ಮೂಲೆಯಿಂದ ಮತ್ತೊಂದು ಮೂಲೆಗೆ ಸರಿಸಿದರೆ ಕಡಿಮೆಯಾದಂತಲ್ಲ. ಈ ಮಾಸದಲ್ಲಿ ನನ್ನ ಪುಸ್ತಕಗಳ ಎರಡು ಪೆಟ್ಟಿಗೆಗಳು ಊರಿನ ಓದುವ ಹುಡುಗರ ಮನೆಗಳನ್ನು ಸೇರಿದವು. ಕೋಶವನ್ನು ಮಾತ್ರ ಉಳಿಸಿಕೊಂಡಿದ್ದೇನೆ.