ಎಮರ್ಜೆನ್ಸಿ ಕಾಂಟ್ಯಾಕ್ಟ್ ಯಾರು?

ಊರಲ್ಲಿ ಕುಮಾರ ಪರ್ವತ ಹತ್ತಿ ಬಂದವನಿಗೆ ಬೇರೆ ಬೆಟ್ಟಗಳೆಲ್ಲ ಸಣ್ಣದಾಗಿ ಕಾಣುತ್ತವೆ. ಹಾಗಾಗಿ ಕಳೆದ ಆಗಸ್ಟ್‌ನಲ್ಲಿ ಲ್ಯಾಬಿನ ಮೂವರು "ಮೌಂಟ್ ಸೇಂಟ್ ಹೆಲೆನ್ಸ್ ಹತ್ತೋಣ" ಅಂದಾಗ ಯೋಚಿಸದೆ ಹೂಂ ಅಂದೆ. ಅದು ಜೀವಂತ ಜ್ವಾಲಾಮುಖಿ ಅಂತ ಗೊತ್ತಿತ್ತು. ಆದರೆ ಗೊತ್ತಿರುವುದು ಬೇರೆ, ತಲೆಗೆ ಹೋಗುವುದು ಬೇರೆ.

ತಲೆಗೆ ಹೋಗಿದ್ದು ಒಂದು ಫಾರಂ ನೋಡಿದಾಗ. ನಮ್ಮಲ್ಲಿ ಅನುಭವ ಇದ್ದವಳೊಬ್ಬಳು ಎಲ್ಲರಿಗೂ ಕಳಿಸಿದ್ದಳು: ಹೆಸರು, ಅಲರ್ಜಿ, ಇನ್ಶೂರೆನ್ಸ್, ಎಮರ್ಜೆನ್ಸಿ ಕಾಂಟ್ಯಾಕ್ಟ್. ಅಭ್ಯಾಸದಂತೆ ಅಮ್ಮನ ನಂಬರ್ ಹಾಕಲು ಹೋಗಿ, +91 ಹೊಡೆದು ಅಲ್ಲೇ ನಿಂತೆ. ಇಲ್ಲಿ ನನಗೇನಾದರೂ ಆದರೆ, ಹಾಸನದಲ್ಲಿ ರಾತ್ರಿ ಮೂರು ಗಂಟೆಗೆ ಫೋನ್ ಎತ್ತಿ ಅಮ್ಮ ಏನು ಮಾಡಬೇಕು? ಅಷ್ಟಕ್ಕೂ ನಾನು ಹೋಗೋ ವಿಷಯವನ್ನೇ ಅಮ್ಮನಿಗೆ ಹೇಳಿರಲಿಲ್ಲ.

ಕೊನೆಗೆ ಸಂಘದ ಹಿರಿಯ ಅಕ್ಕ ಒಬ್ಬರನ್ನು ಕೇಳಿದೆ. "ನನ್ನ ಹೆಸರು ಹಾಕ್ಕೋ. ಆದ್ರೆ ಹೇಳು, ಯಾವ ದಾರಿ? ಎಷ್ಟು ಗಂಟೆಗೆ ವಾಪಸ್ ತಿರುಗ್ತೀಯಾ? ಬೆಟ್ಟ ಸಿಡಿದ್ರೆ ಏನ್ಮಾಡ್ತೀಯಾ?" ಮೂರಕ್ಕೂ ನನ್ನ ಹತ್ತಿರ ಉತ್ತರ ಇರಲಿಲ್ಲ.

ಆ ವಾರ ಥೀಸಿಸ್ ಪಕ್ಕಕ್ಕಿಟ್ಟು ಬೆಟ್ಟದ ಬಗ್ಗೆ ಓದಿದೆ. 1980ರ ಮೇ 18ರ ಬೆಳಿಗ್ಗೆ 8:32ಕ್ಕೆ ಭೂಕಂಪವಾಗಿ ಅದರ ಉತ್ತರದ ಮಗ್ಗುಲೇ ಕುಸಿಯಿತು. ಪ್ರೆಶರ್ ಇರುವಾಗಲೇ ಮುಚ್ಚಳ ಕಿತ್ತ ಕುಕ್ಕರಿನ ಹಾಗೆ ಸ್ಫೋಟ ಪಕ್ಕಕ್ಕೆ ನುಗ್ಗಿತು. 57 ಜನ ಸತ್ತರು. ಸುಮಾರು 10 ಕಿ.ಮೀ. ದೂರದಲ್ಲಿ ಕೂತು ಬೆಟ್ಟವನ್ನು ಗಮನಿಸುತ್ತಿದ್ದ ವಿಜ್ಞಾನಿ ಡೇವಿಡ್ ಜಾನ್‌ಸ್ಟನ್ ಕೂಡ ಉಳಿಯಲಿಲ್ಲ. ಬೆಟ್ಟ ಸುಮಾರು 400 ಮೀಟರ್ ಗಿಡ್ಡವಾಯಿತು. 2004ರಿಂದ 2008ರವರೆಗೆ ಮತ್ತೆ ಲಾವಾ ಉಕ್ಕಿತು.

ಡಿಸೈನ್ ಕ್ಲಾಸಿನಲ್ಲಿ ಫ್ಯಾಕ್ಟರ್ ಆಫ್ ಸೇಫ್ಟಿ ಇಲ್ಲದೆ ಒಂದು ಬೋಲ್ಟ್ ಕೂಡ ಹಾಕದ ನಾನು, ನನ್ನ ಬ್ಯಾಗಿಗೆ ಎರಡು ಲೀಟರ್ ನೀರು ಸಾಕು ಅಂದ್ಕೊಂಡಿದ್ದೆ! ಬೇಸಿಗೆಯಲ್ಲಿ ಹತ್ತುವ ಮಾನಿಟರ್ ರಿಡ್ಜ್ ದಾರಿಯಲ್ಲಿ ಎಲ್ಲೂ ನೀರು ಸಿಗಲ್ಲ. ನಾಲ್ಕು ಲೀಟರ್ ಆಯಿತು. ಬಂಡೆ ಉರುಳಿದರೆ ಹೆಲ್ಮೆಟ್, ಚರ್ಮ ಕೀಳುವ ಕಲ್ಲಿಗೆ ಗ್ಲೌಸ್, ಬೂದಿಗೆ ಎನ್-95 ಮಾಸ್ಕ್ ಮತ್ತು ಕಣ್ಣು ಮುಚ್ಚುವ ಗಾಗಲ್ಸ್. ಯುಎಸ್‌ಜಿಎಸ್ ಎಚ್ಚರಿಕೆಯ ಬಣ್ಣಗಳನ್ನು ಕೊಡುತ್ತದೆ: ಹಸಿರು, ಹಳದಿ, ಕಿತ್ತಳೆ, ಕೆಂಪು. ಹೊರಡುವ ಬೆಳಿಗ್ಗೆ ಅದನ್ನು ಮತ್ತೊಮ್ಮೆ ನೋಡುವುದು ಅಂತಾಯಿತು. ತುದಿಯ ಅಂಚು ಸಡಿಲ, ದೂರ ನಿಲ್ಲಬೇಕು. ಬಾಯಿಯೊಳಗೆ ಇಳಿಯುವಂತಿಲ್ಲ.

4,800 ಅಡಿಗಿಂತ ಮೇಲೆ ಹೋಗಲು ಪರ್ಮಿಟ್ ಬೇಕು. ಬೇಸಿಗೆಯಲ್ಲಿ ದಿನಕ್ಕೆ 110 ಜನಕ್ಕೆ ಮಾತ್ರ. ಶೌಚವನ್ನೂ ಚೀಲದಲ್ಲಿ ಕಟ್ಟಿ ನಾವೇ ಕೆಳಗೆ ತರಬೇಕು. ಮೊದಲು ನಗು ಬಂತು. ಆದರೆ ಕೌಲಿಟ್ಜ್ ಬುಡಕಟ್ಟಿನವರಿಗೆ ಇದು ಪವಿತ್ರ ಬೆಟ್ಟ. ನಮ್ಮ ದೇವಸ್ಥಾನದ ಬೆಟ್ಟಗಳಲ್ಲಿ ಚಿಪ್ಸ್ ಪ್ಯಾಕೆಟ್ ಬಿಸಾಡೋರನ್ನ ಬೈಯೋ ನನಗೆ ಇದನ್ನ ಬಿಡಿಸಿ ಹೇಳಬೇಕಿರಲಿಲ್ಲ.

ಅಕ್ಕನಿಗೆ ಮೆಸೇಜ್ ಹಾಕಿದೆ: "ಒಂದು ಗಂಟೆ ಆದ್ರೆ ಎಲ್ಲಿದ್ರೂ ತಿರುಗ್ತೀವಿ. ರಾತ್ರಿ ಒಂಬತ್ತರೊಳಗೆ ಸುದ್ದಿ ಇಲ್ಲ ಅಂದ್ರೆ 911."

ಕಾಡು ದಾಟಿ, ಬಂಡೆ ದಾಟಿ, ಬೂದಿಯಲ್ಲಿ ಎರಡು ಹೆಜ್ಜೆ ಮೇಲಿಟ್ಟರೆ ಒಂದು ಹೆಜ್ಜೆ ಕೆಳಗೆ ಜಾರುತ್ತಿತ್ತು. ಒಬ್ಬ ಗೆಳೆಯನ ಕಾಲು ಪದೇಪದೇ ಹಿಡಿದುಕೊಳ್ಳುತ್ತಿತ್ತು. ಒಂದು ಗಂಟೆಯಾದಾಗ ತುದಿ ಕಣ್ಣೆದುರಿಗೇ ಇತ್ತು. "ಇನ್ನರ್ಧ ಗಂಟೆ ಅಷ್ಟೇ" ಅಂತ ನಾನೇ ಅಂದೆ. ಯಾರೂ ಮಾತಾಡಲಿಲ್ಲ. ಅವನ ಮುಖ ನೋಡಿದೆ. ಅಕ್ಕನಿಗೆ ಕೊಟ್ಟ ಮಾತು ನೆನಪಾಯಿತು. ನಾಲ್ವರೂ ತಿರುಗಿದೆವು. ಇಳಿಯುವಾಗ ಅರ್ಧ ದಾರಿ ನನಗೆ ಸಿಟ್ಟೇ ಇತ್ತು, ಸುಳ್ಳು ಯಾಕೆ ಹೇಳಲಿ.

ಕಾರಿನ ಹತ್ತಿರ ಬಂದಾಗ ಆರೂವರೆ. ಸಿಗ್ನಲ್ ಸಿಕ್ಕ ಕೂಡಲೇ "ಇಳಿದ್ವಿ ಅಕ್ಕ" ಅಂತ ಕಳಿಸಿದೆ. ಉತ್ತರ ಬಂತು: "ಸರಿ. ಈಗ ಅಮ್ಮಂಗೆ ಫೋನ್ ಮಾಡು."

ಮಾಡಿದೆ. ಎಲ್ಲಾ ಕೇಳಿ ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ತುದಿ ಮುಟ್ಟಲಿಲ್ಲ ಅನ್ನೋದು ಬಿಡು. 'ಹೋಗಿ ಬರ್ತೀನಿ' ಅಂತ ಒಂದ್ಮಾತು ಹೇಳೋಕಾಗ್ಲಿಲ್ವೇನೋ?"

ಅದಕ್ಕೂ ನನ್ನ ಹತ್ತಿರ ಉತ್ತರ ಇರಲಿಲ್ಲ. ಮುಂದಿನ ಬೇಸಿಗೆಗೆ ಮತ್ತೆ ಪರ್ಮಿಟ್ ಹಾಕುತ್ತೇನೆ. ಈ ಸಲ ಅಮ್ಮನಿಗೆ ಮೊದಲೇ ಹೇಳಿದ್ದೇನೆ.